ತೆರೆ, ಒಂಬತ್ತನೆಯ ಕಂತು

ನೀವು ನೋಡಿದ್ದು ಎಂಟು ಕಂತು,
ಮಂಗಳವಾರ ರಾತ್ರಿ ಹತ್ತೂವರೆಗೆ, ವಾರ್ತೆ ಮುಗಿದ ಮೇಲೆ,
ಕರೆಂಟು ಇದ್ದರೆ.
ಒಂಬತ್ತನೆಯದು ನೋಡಿದವರು ಏಳೇ ಜನ.
ಅದರಲ್ಲಿ ನಾನೊಬ್ಬ. ಜೀಪು ನನ್ನದು.

'ತೆರೆ' ಅಂತ ಅದರ ಹೆಸರು. ಚೋಂದಮ್ಮ ಒಂದೂ ಬಿಡಲಿಲ್ಲ.
ಹಲಗೆ ಹತ್ತಿ ಅಲೆಯ ಮೇಲೆ ನಿಲ್ಲುವ ಒಂದು ಸಂಸಾರ,
ಮೂಲ್ಕಿಯ ಆಚೆ ಎಲ್ಲೋ ಮನೆ.
ಅಜ್ಜ ಕೂತೆದ್ದ ಕುರ್ಚಿಯಲ್ಲೆಲ್ಲ ನೀರಿನ ಗುರುತು,
ಯಾಕೆ ಎಂದು ಯಾರೂ ಕೇಳರು, ಒರೆಸುವರು.
ಅಪ್ಪ ಯತೀಶ, ಒಂದು ಕಾಲದ ಚಾಂಪಿಯನ್,
ಹನ್ನೊಂದು ವರ್ಷದಿಂದ ಸಮುದ್ರಕ್ಕೆ ಬೆನ್ನು ಹಾಕಿ ಉಣ್ಣುತ್ತಾನೆ.
ಮುಳುಗಿಹೋದ ಅಮ್ಮ ದಿನಾ ಬೆಳಿಗ್ಗೆ ರೇಡಿಯೋದಲ್ಲಿ
ಬಂಗುಡೆ, ಬೂತಾಯಿ ದರ ಓದುತ್ತಾಳೆ;
ಮಗಳು ಪ್ರಣಮ್ಯ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ.
ಅಡುಗೆಮನೆಯ ನಲ್ಲಿಯಲ್ಲಿ ಉಪ್ಪುನೀರು.
ಐದನೆಯ ಕಂತು ಪೂರ್ತಿ ಒಬ್ಬ ದರ್ಜಿ ಬಂದು
ಎಲ್ಲರ ಅಳತೆ ತೆಗೆದು ಹೋದ. ಏನೂ ಹೊಲಿದುಕೊಡಲಿಲ್ಲ.

ಅರ್ಥ ಆಗುತ್ತಾ ಅಂತ ಕೇಳಿದೆ.
ಸುಮ್ಮನಿರಿ, ಅವರಿಗೆ ಆದರೆ ಸಾಕು ಅಂದಳು.

ಸಮುದ್ರಕ್ಕೆ ಕಟ್ಟಲು ದುಡ್ಡು ಮುಗಿದಿತ್ತೋ ಏನೋ,
ನಿರ್ದೇಶಕ, ಪ್ರಭಂಜನ ಅಂತ, ಸಪೂರ ಮನುಷ್ಯ,
ಎಲ್ಲರನ್ನೂ ಮಡಿಕೇರಿಗೆ ಹತ್ತಿಸಿಕೊಂಡು ಬಂದ.
ಮಾಂದಲಪಟ್ಟಿಯಲ್ಲಿ ಬೆಳಗಿನ ಜಾವ ಮಂಜು ಬರುತ್ತಲ್ಲ,
ಅದು ಅವನ ಕಡಲು.
ನಾಲ್ಕು ಗಂಟೆಗೆ ಹಲಗೆಗಳನ್ನು ಜೀಪಿನ ತಲೆಗೆ ಕಟ್ಟಿದೆ.
ಗೇಟಿನಲ್ಲಿ ಗಾರ್ಡು ಟಾರ್ಚು ಬಿಟ್ಟು,
ಏನಿದು, ಬಾಗಿಲಾ? ಯಾರ ಮನೆಗೆ?
'ತೆರೆ' ಅಂದೆ.
ತೆರೆದ.

ದಾರಿಯುದ್ದಕ್ಕೂ ಪ್ರಭಂಜನ ಹಿಂದಿನಿಂದ:
ಈ ಬೆಟ್ಟಗಳೂ ಅಲೆಗಳೇ, ನಿಂತುಬಿಟ್ಟ ಅಲೆಗಳು, ಅಲ್ಲವೇ ಡ್ರೈವರ್?
ನಾನು ಗೇರು ಬದಲಿಸಿದೆ.
ನಿಂತದ್ದು ಹೊರಟದ್ದನ್ನು ನೋಡಿದ್ದೆ,
ಎರಡು ವರ್ಷ ಮುಂಚೆ, ಆಗಸ್ಟಿನಲ್ಲಿ, ಕಾಲೂರಿನ ಕಡೆ.
ಮಣ್ಣಿನದು. ಅದರ ಮೇಲೆ ಹಲಗೆ ಇಟ್ಟು ನಿಂತವರು ಯಾರೂ ಇಲ್ಲ.
ಭಾವನ ಹಟ್ಟಿ ಹೋಯಿತು, ಹಟ್ಟಿಯೊಳಗೆ ಎರಡು ಹಸು.
ಹೇಳಲಿಲ್ಲ. ಬಾಡಿಗೆಗೆ ಬಂದವರ ಹತ್ತಿರ ಅದೆಲ್ಲ ಯಾಕೆ.

ಮೇಲೆ, ಹುಲ್ಲಿನ ಮೇಲೆ, ಹಲಗೆ ಇಟ್ಟರು.
ಯತೀಶನ ಪಾರ್ಟಿನವನು ಹುಬ್ಬಳ್ಳಿಯವನು, ಈಜು ಬಾರದು,
ನನಗೊಬ್ಬನಿಗೆ ಹೇಳಿದ್ದ, ಬೀಡಿ ಹಚ್ಚುತ್ತಾ.
ಹನ್ನೊಂದು ವರ್ಷದ ಮೇಲೆ ಅಪ್ಪ ನೀರಿಗಿಳಿಯುವ ಸೀನು.
ಕಣಿವೆಯಿಂದ ಎದ್ದಿತು ಮಂಜು. ಪಾದ, ಮೊಣಕಾಲು,
ಸೊಂಟಕ್ಕೆ ಬಂದಾಗ ಅವನು ಉಸಿರು ಬಿಗಿಹಿಡಿದ.
ನಟನೆ ಅಲ್ಲ ಅದು, ನನಗೆ ಗೊತ್ತು.

ಅಲ್ಲಿ ಸಿಗ್ನಲ್ ಸಿಗುವುದು ಒಂದೇ ಕಲ್ಲಿನ ಮೇಲೆ,
ಪ್ರಭಂಜನ ಆ ಕಲ್ಲಿನ ಮೇಲೇ ನಿಂತಿದ್ದ, ನಸೀಬು.
ಚಾನೆಲ್ಲಿನವರು ರಾತ್ರಿ ಕಳಿಸಿದ ಮೆಸೇಜು ಆಗ ಬಂದು ಬಿತ್ತು:
ಇಲ್ಲಿಗೆ ಸಾಕು, ಈ ಮಂಗಳವಾರದಿಂದ ಅಡುಗೆ ಕಾರ್ಯಕ್ರಮ.

ಕ್ಯಾಮೆರಾ ಚೀಲಕ್ಕೆ ಹಾಕಿದರು. ಛತ್ರಿ ಮಡಚಿದರು.
ಅವನು ಇಳಿಯಲಿಲ್ಲ.
ಹುಡುಗಿ ಹೋಗಿ ಪಕ್ಕದ ಹಲಗೆಯ ಮೇಲೆ ನಿಂತಳು,
ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ.
ಇಬ್ಬರದೂ ತಲೆ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.
ಬಿಸಿಲು ಬಂದು ಮಂಜು ಹರಿಯುವ ಹೊತ್ತಿಗೆ
ಹಲಗೆಗಳು ಇಟ್ಟ ಜಾಗದಿಂದ ಒಂದು ಮಾರು ಕೆಳಗಿದ್ದವು.
ಇಬ್ಬನಿಗೆ ಜಾರಿರಬಹುದು. ಹುಲ್ಲು ನುಣುಪು.

ಬಾಡಿಗೆ ಅರ್ಧ ಕೊಟ್ಟರು, ಉಳಿದದ್ದಕ್ಕೆ ಒಂದು ಹಲಗೆ.
ಈಗ ಅದರ ಮೇಲೆ ಕರಿಮೆಣಸು ಒಣಗುತ್ತದೆ,
ನಡು ತಗ್ಗು, ಕಾಳೆಲ್ಲ ಮಧ್ಯಕ್ಕೇ ಉರುಳುತ್ತದೆ.

ಒಂಬತ್ತನೆಯದನ್ನು ಚೋಂದಮ್ಮನಿಗೆ
ಒಂದೊಂದು ಸಲ ಒಂದೊಂದು ತರ ಹೇಳಿದ್ದೇನೆ.
ಅಪ್ಪ ಇಳಿದ ಅಂತ. ಇಳಿಯಲಿಲ್ಲ ಅಂತ.
ರೇಡಿಯೋ ಬಿಟ್ಟು ಅಮ್ಮ ಮನೆಗೆ ಬಂದಳು ಅಂತಲೂ ಒಮ್ಮೆ.
ಮೊನ್ನೆ ಮೆಣಸಿಗೆ ಕೈಯಾಡಿಸುತ್ತಾ ಕೇಳಿದಳು,
ಅದಿರಲಿ, ಆ ನಲ್ಲಿ ರಿಪೇರಿ ಮಾಡಿಸಿದರಾ?

ಅದೊಂದನ್ನು ನಾನು ಯಾರ ಹತ್ತಿರವೂ ವಿಚಾರಿಸಿರಲಿಲ್ಲ.